ಓವನ್ ಕಾಯುವ ಕೆಲಸ

ಕನ್ನಡದಲ್ಲಿ ಕೆಲವು ಕ್ರಿಯಾಪದಗಳಿಂದ ತೀರ ಹೆಚ್ಚು ದುಡಿಸಿಕೊಳ್ಳುತ್ತಾರೆ ಎಂಬುದು ನನ್ನ ದೂರು. 'ಕಾಯುವುದು' ಎಂಬುದನ್ನೇ ನೋಡಿ. ಒಲೆಯ ಮೇಲೆ ನೀರು ಕಾಯುತ್ತದೆ. ಗೇಟಿನಲ್ಲಿ ವಾಚ್‌ಮನ್ ನಮ್ಮ ಕಟ್ಟಡವನ್ನು ಕಾಯುತ್ತಾನೆ. ಡೊಂಬಿವಲಿ ಸ್ಟೇಷನ್ನಿನಲ್ಲಿ ನಾನು ಲೋಕಲ್ ರೈಲಿಗಾಗಿ ಕಾಯುತ್ತೇನೆ. ನೀರಿಗೆ ಬೆಂಕಿ ಇದೆ, ವಾಚ್‌ಮನ್‌ಗೆ ಕುರ್ಚಿ ಇದೆ, ನನಗೆ ಎರಡೂ ಇಲ್ಲ. ಆದರೂ ಎಲ್ಲರಿಗೂ ಒಂದೇ ಪದ. ಇಷ್ಟು ವರ್ಷ ಇದರಿಂದ ನನಗೆ ಯಾವ ನಷ್ಟವೂ ಆಗಿರಲಿಲ್ಲ. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ಓವನ್ ಕೆಟ್ಟಿತು, ಆಗ ಆಯಿತು.

"ಹ್ವಾಯ್, ಓವನ್ ಕಾಯ್ತಿಲ್ಲೆ" ಎಂದು ನನ್ನ ಹೆಂಡತಿ ವಾಸಂತಿ ಅಡಿಗೆಮನೆಯಿಂದ ಕೂಗಿದಾಗ ನಾನು ಪೇಪರ್ ಓದುತ್ತಿದ್ದೆ. ಪೇಪರ್ ಓದುವ ಗಂಡಸಿಗೆ ಹೆಂಡತಿಯ ವಾಕ್ಯಗಳ ಕೊನೆಯ ಅಕ್ಷರಗಳು ಕೇಳಿಸುವುದಿಲ್ಲ. "ಕಾಯ್ಲಿ ಬಿಡು, ಅದಕ್ಕೇನು ಅವಸರ" ಎಂದೆ. ವಾಸಂತಿ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅವಳ ಮುಖ ನೋಡಿ, ಕೇಳಿಸದ ಅಕ್ಷರಗಳು ಯಾವುವು ಎಂದು ಊಹಿಸಿಕೊಂಡೆ.

ವಿಷಯ ಸಣ್ಣದಾಗಿರಲಿಲ್ಲ. ಕುಂದಾಪುರದಿಂದ ನಮ್ಮತ್ತೆ ಬಂದಿದ್ದರು. ಆ ಭಾನುವಾರ ಅವರಿಗೆ ಎಪ್ಪತ್ತು ತುಂಬುವುದಿತ್ತು. ಮಕ್ಕಳು, ಮೊಮ್ಮಕ್ಕಳು, ನೆರೆಮನೆಯವರು ಎಲ್ಲರ ಕೇಕಿಗೂ ಚಪ್ಪಾಳೆ ತಟ್ಟಿದ ಆ ಹೆಂಗಸು ತಾನೇ ಚಾಕು ಹಿಡಿದದ್ದಿಲ್ಲ. "ನಂಗೂ ಒಂದ್ ಸಲ ಕತ್ತರಿಸ್ಕ್ ಅಂತ ಆಸೆ. ಅಂಗಡಿದ್ ಬ್ಯಾಡ, ಮೊಟ್ಟೆ ಹಾಕ್ತ್ರ್. ನೀ ಮಾಡದ್ದೇ ಸಾಕ್" ಎಂದು ಮಗಳ ಹತ್ತಿರ ನಾಚಿಕೊಂಡು ಹೇಳಿದ್ದರಂತೆ. ತಾಯಿ ಅಷ್ಟು ವರ್ಷಗಳಲ್ಲಿ ಬಾಯಿಬಿಟ್ಟು ಕೇಳಿದ್ದು ಅದೊಂದೇ ಎಂದು ವಾಸಂತಿ ಕಣ್ಣು ಒರೆಸಿಕೊಂಡಳು. ನನಗೂ ಪಾಪ ಅನ್ನಿಸಿತು.

ಮೆಕ್ಯಾನಿಕ್‌ನನ್ನು ಕರೆದಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ, ಕಾರ್ಖಾನೆಗಳಿಗೆ ಕುಲುಮೆ ಮಾಡಿಕೊಡುವ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿ ನಾನಿರುವುದು ಡಿಸ್ಪ್ಯಾಚ್‌ನಲ್ಲಿ. ಕುಲುಮೆ ಟ್ರಕ್ಕಿಗೆ ಏರಿತೇ, ಟಾರ್ಪಾಲಿನ್ ಹೊದಿಸಿದರೇ ಎಂದು ನೋಡುವುದು ನನ್ನ ಕೆಲಸ. ಅದು ಕಾಯುತ್ತದೋ ಇಲ್ಲವೋ ಎಂದು ನನ್ನನ್ನು ಯಾರೂ ಕೇಳಿದ್ದಿಲ್ಲ. ಆದರೆ ಮದುವೆಯ ಮಾತುಕತೆಯಲ್ಲಿ ನಮ್ಮ ಕಡೆಯ ಹಿರಿಯರೊಬ್ಬರು "ಹುಡುಗ ಕಬ್ಬಿಣ ಕರಗಿಸ್ತಾನೆ" ಎಂದು ಹೇಳಿಬಿಟ್ಟಿದ್ದರು. ಹುಡುಗಿಯ ಕಡೆಯವರು ಅದನ್ನು ಇನ್ನೂ ನಂಬಿದ್ದಾರೆ. "ಅಷ್ಟ್ ದೊಡ್ಡ ಒಲೆ ಮಾಡುವರಿಗೆ ಈ ಸಣ್ಣ ಪೆಟ್ಟಿಗೆ ಎಂತ ಲೆಕ್ಕ?" ಎಂದರು ಅತ್ತೆ. ಆಮೇಲೆ ಮೆಕ್ಯಾನಿಕ್‌ನನ್ನು ಕರೆಯುವುದಾದರೂ ಹೇಗೆ?

ಗಲಾಟೆ ಕೇಳಿ ಮಗಳು ತನ್ವಿ ಕೋಣೆಯಿಂದ ಬಂದಳು. ಇಲ್ಲೇ ಹುಟ್ಟಿ ಬೆಳೆದವಳು; ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಮರಾಠಿಯಲ್ಲಿ. "ಕಾಯ್ ಝಾಲಂ?" ಎಂದಳು, ಏನಾಯಿತು ಎಂದು. ಅತ್ತೆ ನಿಟ್ಟುಸಿರು ಬಿಟ್ಟು, "ಕಾಯ್ಲಿಲ್ಲ ಮಗಾ, ಅದೇ ಅಲ್ದಾ ತೊಂದ್ರಿ" ಎಂದರು. ಅಜ್ಜಿಗೆ ಇಷ್ಟು ಬೇಗ ಮರಾಠಿ ಬಂತಲ್ಲ ಎಂದು ತನ್ವಿಗೆ ಆಶ್ಚರ್ಯ. ಮೊಮ್ಮಗಳು ಕನ್ನಡ ಮಾತಾಡಿದಳಲ್ಲ ಎಂದು ಅತ್ತೆಗೆ ಸಂತೋಷ. ಓವನ್ ಕೆಟ್ಟದ್ದರಿಂದ ಆದ ಲಾಭ ಅದೊಂದೇ.

ಮರುದಿನ ಕಂಪನಿಯಲ್ಲಿ ಫಿಟ್ಟರ್ ಶರಣಪ್ಪನನ್ನು ಕೇಳಿದೆ. ಕಲಬುರಗಿಯವನು, ಅನುಮಾನ ಎಂಬುದು ಅವನ ಜಾತಕದಲ್ಲೇ ಇಲ್ಲ. "ಕಾಯವಲ್ದೇನ್ರಿ? ಹಂಗಾರ ಕಾಯಿಲ್ ಹೋಗ್ಯಾದ ಬಿಡ್ರಿ ಸರ" ಎಂದ. ಊಟದ ಹೊತ್ತಿಗೆ ಥರ್ಮೋಸ್ಟ್ಯಾಟ್ ಹೋಗಿದೆ ಎಂದ. ಸಂಜೆ, ದೋಷ ಓವನ್ನಿನದೇ ಅಲ್ಲ, "ನಿಮ್ಮ ಮನೀ ಲೈನಿನ್ಯಾಗೇ ಏನೋ ಅದ" ಎಂದ. ಮೂರನ್ನೂ ಒಂದೇ ಧೈರ್ಯದಿಂದ ಹೇಳಿದ. ಅಂಥ ಧೈರ್ಯ ನನಗಿದ್ದಿದ್ದರೆ ನಾನು ಡಿಸ್ಪ್ಯಾಚ್‌ನಲ್ಲಿ ಇರುತ್ತಿರಲಿಲ್ಲ. ಕೊನೆಗೆ ತನ್ನ ಮೀಟರ್ ಕೊಟ್ಟು, ವೈರಿನ ಎರಡು ತುದಿಗೆ ಇದರ ಎರಡು ಕಡ್ಡಿ ಮುಟ್ಟಿಸಿ, ಕುಂಯ್ ಎಂದರೆ ಸರಿ ಇದೆ ಎಂದು ಹೇಳಿಕೊಟ್ಟ.

ಶನಿವಾರ ಓವನ್ನಿನ ಪ್ಲಗ್ ತೆಗೆದೆ. ತೆಗೆದಿದ್ದೇನೆಯೇ ಎಂದು ನೋಡಿದೆ. ಸ್ವಿಚ್ಚಿನ ಹತ್ತಿರ ಯಾರೂ ಸುಳಿಯಬಾರದೆಂದು ವಾಸಂತಿಯನ್ನು ನಿಲ್ಲಿಸಿ, ಇನ್ನೊಮ್ಮೆ ನೋಡಿದೆ. ಆಮೇಲೆ ಹಿಂಬದಿಯ ತಗಡು ಬಿಚ್ಚಿದೆ. ಕಾಯಿಲ್ ಕುಂಯ್ ಎಂದಿತು. ಥರ್ಮೋಸ್ಟ್ಯಾಟೂ ಕುಂಯ್ ಎಂದಿತು. ಮನೆಯ ಲೈನಿನಲ್ಲಿ ಇಸ್ತ್ರಿಪೆಟ್ಟಿಗೆ ಚೆನ್ನಾಗಿಯೇ ಕಾಯುತ್ತಿತ್ತು. ಶರಣಪ್ಪ ಹೇಳಿದ್ದೆಲ್ಲ ಹೀಗೆ ಮುಗಿದ ಮೇಲೆ, ಟೈಮರಿನ ಹತ್ತಿರ ಒಂದು ವೈರಿನ ಕ್ಲಿಪ್ಪು ಸಡಿಲವಾಗಿ, ಸುಟ್ಟು ಕಪ್ಪಾಗಿ ಕೂತಿರುವುದು ಕಂಡಿತು. ಪಾಲಿಶ್ ಪೇಪರಿನಿಂದ ಉಜ್ಜಿ, ಇಕ್ಕಳದಲ್ಲಿ ಹಿಸುಕಿ, ಬಿಗಿಯಾಗಿ ಕೂರಿಸಿದೆ. ಕುಂಯ್ ಎಂದಿತು! ಸಂತೋಷಕ್ಕೆ ಕಣ್ಣು ತುಂಬಿತು ಎಂದರೆ ಸುಳ್ಳಾಗುತ್ತದೆ. ಅಲ್ಲಿದ್ದ ಧೂಳಿಗೆ ಮೂಗು ತುಂಬಿತು. ತಗಡು ಮುಚ್ಚಿದ ಮೇಲೆ ಒಂದು ಸ್ಕ್ರೂ ಉಳಿಯಿತು. ಅದನ್ನು ಯಾರಿಗೂ ಕಾಣದಂತೆ ಜೇಬಿಗೆ ಹಾಕಿಕೊಂಡೆ.

ಇಂಥ ಕೆಲಸ ಮಾಡಿದವನು ಸ್ನಾನ ಮಾಡಿ ಬಂದು ಸ್ವಿಚ್ ಒತ್ತಬೇಕು, ಅದರಲ್ಲೊಂದು ಗಾಂಭೀರ್ಯವಿರುತ್ತದೆ. ಓವನ್ನನ್ನು ಕಟ್ಟೆಯ ಮೇಲಿಟ್ಟು ಬಚ್ಚಲಿಗೆ ಹೋದೆ. ನಲ್ಲಿಯ ಸದ್ದಿನಲ್ಲಿ ಹೊರಗಿನಿಂದ ಅತ್ತೆ ಏನೋ ಕೇಳಿದರು. ನನಗೆ ಕೇಳಿಸಿದ್ದು ಕೊನೆಯದಷ್ಟೇ: "...ಕಾಯತ್ತಾ ಅಳಿಯಂದಿರೇ?"

"ಕಾಯುತ್ತೆ ಅತ್ತೆ!" ಎಂದು ಸೋಪಿನ ನೊರೆಯೊಳಗಿಂದಲೇ ಕೂಗಿದೆ. "ಬೇಕಾದ್ರೆ ಬೆಳಗಿನ ತನಕ ಕಾಯುತ್ತೆ!"

ಹೊರಗೆ ಬಂದು, ಎಲ್ಲರನ್ನೂ ಕರೆದು ನಿಲ್ಲಿಸಿ, ಗುಂಡಿಯನ್ನು ತುದಿಯವರೆಗೂ ತಿರುಗಿಸಿ ಸ್ವಿಚ್ ಒತ್ತಿದೆ. ಓವನ್ ಕಾದಿತು. ಎಷ್ಟು ಚೆನ್ನಾಗಿ ಕಾದಿತೆಂದರೆ ಸ್ವಲ್ಪ ಹೊತ್ತಿಗೆ ಅದರ ಸಂದಿಗಳಿಂದ ಹೊಗೆ ಬಂತು. ಹೊಗೆಗೆ ಇಂಗಿನ ವಾಸನೆ ಇತ್ತು. ನನಗೆ ಉಳಿದ ಸ್ಕ್ರೂವಿನ ನೆನಪಾಯಿತು. ಅಷ್ಟರಲ್ಲಿ ಅತ್ತೆಗೂ ಏನೋ ನೆನಪಾಗಿ, "ಅಯ್ಯೋ, ನನ್ ಹಪ್ಪಳ!" ಎಂದು ಚೀರಿದರು.

ಊರಿನಿಂದ ಅವರೇ ತಟ್ಟಿ ಒಣಗಿಸಿ ತಂದ ಹಲಸಿನಕಾಯಿ ಹಪ್ಪಳ, ಬಟ್ಟೆಯಲ್ಲಿ ಸುತ್ತಿದ ಇಡೀ ಕಟ್ಟು, ಒಳಗೆ ಕೂತು ಸುಡುತ್ತಿತ್ತು. ಡೊಂಬಿವಲಿಯ ಮಳೆಗಾಲದಲ್ಲಿ ಅದನ್ನು ಎಲ್ಲಿಟ್ಟರೂ ಇರುವೆ ಎಂದು, ನಾನು ಸ್ನಾನಕ್ಕೆ ಹೋದಾಗ ಓವನ್ನಿನೊಳಗೆ ಇಟ್ಟಿದ್ದರು. "ಬಾಗಿಲ್ ಬಿಗಿ ಇತ್ತಲ್ಲ, ಇರುವಿ ಬಾರ್ದ್ ಹಾಂಗೆ ಕಾಯತ್ತಾ ಅಂತ ನಾ ಕೇಂಡೆ. ಬೆಳಿಗ್ಗೆ ತನ್ಕ ಕಾಯತ್ತ್ ಅಂತ ನೀವೇ ಹೇಳದ್ರಿ" ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಸ್ವಿಚ್ ಆರಿಸಿ, ಕಿಟಕಿ ತೆರೆದು, ಕರಿಯ ಕಟ್ಟನ್ನು ಇಕ್ಕಳದಲ್ಲೇ ಹೊರಗೆಳೆದೆ. ತನ್ವಿ ತಲೆಯ ಮೇಲೆ ಕೈಯಿಟ್ಟು "ಕಾಯ್ ಹೇ!" ಎಂದಳು, ಏನಿದು ಎಂದು. "ಹೌದ್ ಮಗಾ, ಈಗ ಕಾಯ್ತಿತ್ತ್" ಎಂದರು ಅತ್ತೆ, ಸಣ್ಣ ದನಿಯಲ್ಲಿ. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಭಾನುವಾರ ಕೇಕು ಚೆನ್ನಾಗಿ ಉಬ್ಬಿತು. ವಾಸಂತಿ ಓವನ್ನನ್ನು ಎಷ್ಟು ತಿಕ್ಕಿದ್ದರೂ ವಾಸನೆ ಪೂರ್ತಿ ಹೋಗಿರಲಿಲ್ಲ. ಅತ್ತೆ ಎರಡೂ ಕೈಯಲ್ಲಿ ಚಾಕು ಹಿಡಿದು ಕತ್ತರಿಸಿದರು, ನಾವು ಚಪ್ಪಾಳೆ ತಟ್ಟಿದೆವು. ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿ ಅಗಿದರು. "ಲಾಯ್ಕಿತ್ತ್. ಕೇಕಿಗೆ ಇಂಗ್ ಹಾಕ್ತ್ರ್ ಅಂತ ನಂಗ್ ಗೊತ್ತೇ ಇರ್ಲಿಲ್ಲ" ಎಂದು ಇನ್ನೊಂದು ತುಂಡು ತೆಗೆದುಕೊಂಡರು. ಅವರ ಮುಖದಲ್ಲಿದ್ದ ಸಂತೋಷ ನೋಡಿ ನನ್ನ ಮನಸ್ಸು ಹಗುರವಾಯಿತು. ಆ ಸಂಜೆ ಊರಿಗೆ ಫೋನ್ ಮಾಡಿ, ಒಲೆ ರಿಪೇರಿಯಲ್ಲಿ ಅಳಿಯನನ್ನು ಮೀರಿಸಿದವರಿಲ್ಲ ಎಂದೂ ಹೇಳಿದರು.

ಅತ್ತೆ ಊರಿಗೆ ಹೋದ ಮೇಲೂ ಓವನ್ ಚೆನ್ನಾಗಿಯೇ ಕಾಯುತ್ತಿದೆ. ಆದರೆ ವಾಸಂತಿಗೆ ಅದರ ಮೇಲೆ ನಂಬಿಕೆಯಿಲ್ಲ. ನನ್ನ ಮೇಲೆ ಮೊದಲೇ ಇರಲಿಲ್ಲ. ಅದಕ್ಕೆ ಸ್ವಿಚ್ ಹಾಕಿದಾಗಲೆಲ್ಲ ಅದರ ಮುಂದೆ ಒಂದು ಸ್ಟೂಲ್ ಹಾಕಿ ನನ್ನನ್ನು ಕೂರಿಸುತ್ತಾಳೆ. ತನ್ವಿ ಆ ಕಡೆ ಹಾದುಹೋಗುವಾಗ ನನ್ನನ್ನು ನೋಡಿ "ಪಪ್ಪಾ, ಕಾಯ್?" ಎನ್ನುತ್ತಾಳೆ. ಮರಾಠಿಯಲ್ಲಿ ಅದು ಪ್ರಶ್ನೆ, ಕನ್ನಡದಲ್ಲಿ ಆಜ್ಞೆ. ನಾನು ಕನ್ನಡಿಗ, ಕಾಯುತ್ತೇನೆ.