ದೊಡ್ಡ ಟೀವಿಯಲ್ಲಿ ಅತ್ತೆಯವರು

ಕೊಳ್ಳುವ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಡಕೊಳದ ಕಾರ್ಖಾನೆಯೊಂದರ ಖರೀದಿ ವಿಭಾಗದಲ್ಲಿ ಕೂತು ನಟ್ಟು, ಬೋಲ್ಟು, ಬೇರಿಂಗುಗಳನ್ನು ವರ್ಷಗಟ್ಟಲೆ ಕೊಂಡವಳು ನಾನು. ಮಾರುವವರ ಬಾಯಿ ಮುಚ್ಚಿಸುವ ಕಲೆ ನನಗೆ ಕರಗತ. ಹಾಗಂತ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಹೇಳುತ್ತಿರಲಿಲ್ಲವಾದ್ದರಿಂದ ಅದು ಅನಿವಾರ್ಯವಾಗಿತ್ತು!

ಚಪ್ಪಟೆಯಾದ ದೊಡ್ಡ ಎಚ್.ಡಿ. ಟೀವಿಗಳು ಮೈಸೂರಿನ ಅಂಗಡಿಗಳಿಗೆ ಆಗತಾನೇ ಬರುತ್ತಿದ್ದ ಕಾಲ. ಅದೇ ಹೊತ್ತಿಗೆ ನಮ್ಮ ಮನೆಯಲ್ಲೊಂದು ಐತಿಹಾಸಿಕ ಘಟನೆ ಸಂಭವಿಸಿತು. ನಮ್ಮ ಅತ್ತೆ ಸರ್ವಮಂಗಳಮ್ಮನವರು ಮಠದ ಹೆಂಗಸರ ತಂಡದಲ್ಲಿ ವಚನ ಹಾಡುತ್ತಾರೆ. ಆ ತಂಡವನ್ನು ಟೀವಿಯವರು ಕರೆಸಿ, ಹಾಡಿಸಿ, ಚಿತ್ರೀಕರಿಸಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಪ್ರಸಾರ, ಅದೂ ಒಂದೇ ಸಲ. ನಡುವೆ ಒಂದು ಸಾಲನ್ನು ಅತ್ತೆಯವರು ಒಬ್ಬರೇ ಹಾಡಿದ್ದರಂತೆ.

"ಅಷ್ಟ್ ಜನದ ಮಧ್ಯ ನಾನು ಕಾಣ್ತೀನೇನವ್ವಾ?" ಎಂದು ಅತ್ತೆ ದಿನವೂ ಕೇಳುತ್ತಿದ್ದರು. "ನನ್ ಮದ್ವೇಲೂ ಫೋಟೋ ತೆಗೆಸ್ಲಿಲ್ಲ ಕಣವ್ವ. ಹಾಡೋವಾಗ ನನ್ ಮುಖ ಎಂಗಿರ್ತದೆ ಅಂತ ಒಂದ್ಸಲ ನೋಡ್ಬುಡ್ಬೇಕು."

ಪಾಪ ಅನ್ನಿಸಿತು. ಪಾಪ ಅನ್ನಿಸಿದಾಗಲೆಲ್ಲ ನಾನು ಏನಾದರೊಂದು ಕೊಳ್ಳುತ್ತೇನೆ.

"ಕಾಣೋದೇನತ್ತೆ, ನಿಮ್ಮ ಮೂಗುಬೊಟ್ಟಿನ ಹರಳು ಎಣಿಸ್ಬೋದು. ಅಂಥ ಟೀವಿ ತರ್ತೀನಿ!" ಎಂದು ಘೋಷಿಸಿದೆ.

ನಮ್ಮವರಿಗೆ ಸಂತೆಪೇಟೆಯಲ್ಲಿ ವಿಭೂತಿ, ಊದುಬತ್ತಿ, ಕರ್ಪೂರದ ಅಂಗಡಿ. ಹೊಸದೇನನ್ನು ಕಂಡರೂ ಅವರಿಗೆ ಅನುಮಾನ.

"ಇರೋ ಟೀವಿ ಚೆನ್ನಾಗೇ ಇದ್ಯಲ್ಲ ಗಿರಿಜಾ" ಎಂದರು.

"ರೀ, ನಿಮಗೆ ರೆಸಲ್ಯೂಷನ್ ಅಂದ್ರೆ ಏನು ಗೊತ್ತಾ?"

"ಗೊತ್ತಿಲ್ಲ."

"ಹಾಗಾದ್ರೆ ಸುಮ್ನಿರಿ."

ನನಗೆ ಗೊತ್ತಿತ್ತು. ಪರದೆಯ ಮೇಲಿನ ಚಿತ್ರವೆಲ್ಲ ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ಚುಕ್ಕೆ ಹೆಚ್ಚಿದ್ದಷ್ಟೂ ಚಿತ್ರ ಸ್ಪಷ್ಟ. ಪತ್ರಿಕೆಯೊಂದರಲ್ಲಿ ಇಷ್ಟನ್ನು ಓದಿಕೊಂಡು, ಕಾರ್ಖಾನೆಯ ಬಸ್ಸಿನಲ್ಲಿ ಕೂತವರಿಗೆಲ್ಲ ವಿವರಿಸಿದೆ. ನನ್ನ ಪಕ್ಕದ ಸೀಟು ದಿನೇ ದಿನೇ ಖಾಲಿಯಾಗತೊಡಗಿತು. ಜ್ಞಾನಿಗಳಿಗೆ ಒಂಟಿತನ ಸಹಜ ಎಂದುಕೊಂಡೆ.

ಅಂಗಡಿಯಲ್ಲಿ ಸಾಲಾಗಿ ನಿಂತಿದ್ದ ಟೀವಿಗಳ ಪೈಕಿ ಎಲ್ಲಕ್ಕಿಂತ ಹೆಚ್ಚು ಚುಕ್ಕೆಗಳಿರುವುದನ್ನು ಹುಡುಕಿ ಕೈ ತೋರಿಸಿದೆ. ಅಂಗಡಿಯವರು ಕೈಕೈ ಹಿಸುಕಿಕೊಂಡರು.

"ಮೇಡಂ, ಇದು ತಗೊಳ್ಳೋ ಮುಂಚೆ ಟ್ಯೂನರ್ ವಿಷಯ ಒಂದ್ ಮಾತು..."

"ನೋಡಿ, ರೆಸಲ್ಯೂಷನ್ ಬಿಟ್ಟು ಬೇರೆ ಏನೂ ಹೇಳ್ಬೇಡಿ. ನಾನೂ ಖರೀದಿ ವಿಭಾಗದಲ್ಲೇ ಇರೋದು!"

ಅವರು ಬಾಯಿ ಮುಚ್ಚಿದರು. ಹೇಳಿದೆನಲ್ಲ, ಆ ಕಲೆ ನನಗೆ ಕರಗತ.

ಶನಿವಾರ ಸಂಜೆ ಹೊಸ ಟೀವಿ ಬಂತು. ವಿನಿಮಯದ ಕರಾರಿನಂತೆ ನಮ್ಮ ಹಳೇ ಟೀವಿ ಅದೇ ಗಾಡಿ ಹತ್ತಿ ಹೋಯಿತು. ಎದುರುಮನೆಯ ಚಿಕ್ಕೇಗೌಡರು ಬಂದು, ಹಿಂದೆ ಮುಂದೆ ಸುತ್ತಿ ನೋಡಿ, "ಏನವ್ವಾ ಇದು, ಬಾಗ್ಲಷ್ಟು ಅಗಲ ಅದೆ!" ಎಂದರು. ನಾನು ಹಿಗ್ಗಿ, ನಾಳೆ ಬೆಳಿಗ್ಗೆ ಎಲ್ಲರೂ ನಮ್ಮನೆಗೇ ಬರಬೇಕೆಂದು ಇಡೀ ಬೀದಿಗೆ ಆಹ್ವಾನ ಕೊಟ್ಟುಬಿಟ್ಟೆ. ಉಪ್ಪಿಟ್ಟು, ಕೇಸರಿಭಾತಿನ ಸಮೇತ!

ಎಲ್ಲರೂ ಹೋದ ಮೇಲೆ ನಮ್ಮವರು ಕೇಬಲ್ ವೈರಿನ ತುದಿ ಹಿಡಿದು ಟೀವಿಯ ಹಿಂದೆ ಬಗ್ಗಿದರು. ಬಹಳ ಹೊತ್ತಾದರೂ ಮೇಲೇಳಲಿಲ್ಲ.

"ಗಿರಿಜಾ, ಇದನ್ನ ಸಿಗಿಸೋಕೆ ಜಾಗಾನೇ ಇಲ್ಲ ಕಣೇ."

"ಸರಿಯಾಗಿ ನೋಡಿ."

"ನೀನೇ ಬಂದು ನೋಡು."

ನೋಡಿದೆ. ಕೆಂಪು, ಹಳದಿ, ಬಿಳಿ, ಎಲ್ಲ ಬಣ್ಣದ ತೂತುಗಳೂ ಇದ್ದವು. ಕೇಬಲ್ ವೈರಿಗೆ ಬೇಕಾದ ಆ ಒಂದು ಮಾತ್ರ ಇರಲಿಲ್ಲ! ಅಂಗಡಿಗೆ ಫೋನ್ ಮಾಡಿ ಗದರಿದೆ.

"ಅದನ್ನೇ ಹೇಳಕ್ ಬಂದೆ ಮೇಡಂ" ಎಂದರು ಆ ಪುಣ್ಯಾತ್ಮರು. "ಚಾನೆಲ್ ಹಿಡಿಯೋದು ಟ್ಯೂನರ್. ಇದರಲ್ಲಿ ಅದಿಲ್ಲ. ಹೋಟೆಲ್‌ನೋರು, ದೊಡ್ಡ ಆಫೀಸ್‌ನೋರು ಬರೀ ಪರದೆ ಬೇಕು ಅಂತ ತಗೊಳ್ಳೋ ಮಾಲು. ಟ್ಯೂನರ್ ಬೇರೆ ತಗೋಬೇಕು, ಸೋಮವಾರ ತರಿಸ್ಕೊಡ್ತೀನಿ."

ಭಾನುವಾರದ ಕಾರ್ಯಕ್ರಮಕ್ಕೆ ಸೋಮವಾರದ ಟ್ಯೂನರ್! ಒಳಗೆ ಅತ್ತೆಯವರು ತಮ್ಮ ಸಾಲನ್ನು ಗುನುಗುತ್ತಿದ್ದರು.

ಆಪದ್ಬಾಂಧವರಾಗಿ ಒದಗಿದವರು ನಮ್ಮವರೇ. "ಅಟ್ಟದ ಮೇಲೆ ಹಳೇ ವಿ.ಸಿ.ಆರ್. ಇದ್ಯಲ್ಲ, ಅದಕ್ಕೂ ಕೇಬಲ್ ಸಿಗಿಸಿ ಕಾರ್ಯಕ್ರಮ ರೆಕಾರ್ಡ್ ಮಾಡ್ತಿದ್ವಿ. ಅಂದ್ಮೇಲೆ ಅದರೊಳಗೆ ಟ್ಯೂನರ್ ಇರ್ಲೇಬೇಕು. ಕ್ಯಾಸೆಟ್ ತಿರುಗೋದು ನಿಂತಿದ್ರೂ ಚಾನೆಲ್ ಹಿಡೀಬೋದು" ಎಂದರು. ಅಟ್ಟದಿಂದ ಇಳಿಸಿ, ಜೇಡರ ಬಲೆ ಕೊಡವಿ, ಕೇಬಲನ್ನು ವಿ.ಸಿ.ಆರ್.ಗೆ, ವಿ.ಸಿ.ಆರ್. ಅನ್ನು ಟೀವಿಗೆ ಜೋಡಿಸಿದೆವು. ಚಿತ್ರ ಬಂತು! ಹೊಚ್ಚ ಹೊಸ ಎಚ್.ಡಿ. ಟೀವಿ, ವಿ.ಸಿ.ಆರ್. ಹೇಳಿದ ಹಾಗೆ ಕೇಳುತ್ತಾ ನಿಂತಿತು.

ಆದರೆ ಚಿತ್ರ ಮಂಕು ಮಂಕಾಗಿತ್ತು. ಪರದೆಯಲ್ಲಿ ಎಷ್ಟು ಚುಕ್ಕೆಗಳಿದ್ದರೇನು, ಕೇಬಲ್ಲಿನಲ್ಲಿ ಬರುವ ಚಿತ್ರದಲ್ಲಿ ಅಷ್ಟು ಇರಬೇಕಲ್ಲ! ಒಂದು ಸೌಟು ಹಿಟ್ಟನ್ನು ದೊಡ್ಡ ಕಾವಲಿ ತುಂಬ ಹರಡಿದ ಹಾಗಾಗಿತ್ತು. ಪತ್ರಿಕೆಯಲ್ಲಿ ಇದನ್ನೂ ಬರೆದಿದ್ದರೋ ಏನೋ, ನಾನು ಮುಂದಿನ ಪುಟ ತಿರುಗಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ಬೀದಿಯವರೆಲ್ಲ ಬಂದು ಕೂತರು. ಅತ್ತೆಯವರು ರೇಷ್ಮೆ ಸೀರೆ ಉಟ್ಟು ಮುಂದಿನ ಕುರ್ಚಿಯಲ್ಲಿ ವಿರಾಜಮಾನರಾದರು. ಪರದೆಯಲ್ಲಿ ವಾರ್ತೆ ಓದುವಾಕೆ ಕಾಣಿಸಿದಳು. ಅಗಲದ ಪರದೆಗೆಂದು ಚಿತ್ರವನ್ನು ಟೀವಿ ಅಡ್ಡಡ್ಡ ಎಳೆದಿತ್ತು. ಆಕೆಯ ಮುಖ ರೊಟ್ಟಿಯಂತೆ ಹರಡಿಕೊಂಡಿತ್ತು.

"ಈಯಮ್ಮ ಯಾಕವ್ವಾ ಇಂಗ್ ಊದ್ಕೊಂಡವ್ಳೆ?" ಎಂದರು ಚಿಕ್ಕೇಗೌಡರು.

ಅತ್ತೆಯವರು ಗಾಬರಿಯಿಂದ ತಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು. "ನಾನೂ ಇಂಗೇ ಕಾಣ್ತೀನಾ?"

"ಒಂದ್ನಿಮಿಷ ಅತ್ತೆ!" ಎಂದು ನಾನು ರಿಮೋಟಿನಲ್ಲಿ ಜೂಮ್ ಎಂಬ ಗುಂಡಿ ಒತ್ತಿದೆ. ವಾರ್ತೆಯವಳು ತಟ್ಟನೆ ತೆಳ್ಳಗಾದಳು! ನೆತ್ತಿ ಸ್ವಲ್ಪ ಕತ್ತರಿಸಿದಂತಾಯಿತು, ಅಷ್ಟೇ. ಎಲ್ಲರೂ ಭೇಷ್ ಎಂದರು. ನಾನು ರಿಮೋಟನ್ನು ರಾಜದಂಡದಂತೆ ಹಿಡಿದು ನಿಂತೆ.

ಅಷ್ಟರಲ್ಲಿ ಅತ್ತೆಯವರಿಗೆ ಒಂದು ನೆನಪಾಯಿತು. ಶನಿವಾರದ ಗಡಿಬಿಡಿಯಲ್ಲಿ ಹೊಸ ಟೀವಿಗೆ ಪೂಜೆಯಾಗಿರಲಿಲ್ಲ. ಪೂಜೆ ಮಾಡದ ಟೀವಿಯಲ್ಲಿ ವಚನ ಕೇಳುವುದುಂಟೆ? ನಮ್ಮ ಅಂಗಡಿಯದೇ ಒಂದನೇ ನಂಬರ್ ವಿಭೂತಿ ತಂದು, ನೀರಿನಲ್ಲಿ ತೇಯ್ದು, ಪರದೆ ಕೆಡಬಾರದೆಂದು ಕೆಳಗಿನ ಕಪ್ಪು ಪಟ್ಟಿಯ ಮೇಲೆ ಮೂರು ಬೆರಳಲ್ಲಿ ದಪ್ಪಗೆ ಎಳೆದರು. ಮೇಲೊಂದು ಕುಂಕುಮವಿಟ್ಟು, ಕರ್ಪೂರ ಬೆಳಗಿ ಕೈಮುಗಿದರು. ನಾವೆಲ್ಲರೂ ಕೈಮುಗಿದೆವು.

ಕಾರ್ಯಕ್ರಮ ಶುರುವಾಯಿತು.

ಮುಂದಿನ ಸಾಲಿನವರು ನೆಲದ ಮೇಲೆ ಕೂತಿದ್ದರು, ಚೆನ್ನಾಗಿ ಕಂಡರು. ಹಿಂದಿನ ಸಾಲಿನವರು ನಿಂತಿದ್ದರು. ಅವರಿಗೆ ತಲೆಯೇ ಇರಲಿಲ್ಲ! ವಾರ್ತೆಯವಳ ನೆತ್ತಿ ಕತ್ತರಿಸಿದ ಜೂಮ್, ಇವರನ್ನು ಕುತ್ತಿಗೆಗೇ ಕತ್ತರಿಸಿತ್ತು. ನಮ್ಮ ಅತ್ತೆ ಎತ್ತರದ ಹೆಂಗಸು. ಅವರು ಹಿಂದಿನ ಸಾಲು.

"ನಾನು ಎಲ್ಲವ್ವಾ?" ಎಂದರು ಅತ್ತೆ.

ತಂಡದವರೆಲ್ಲ ಒಂದೇ ಬಣ್ಣದ ಸೀರೆ ಉಟ್ಟಿದ್ದರು. "ಆ ಮೂಲೇಲಿರೋ ಸೆರಗು ಅವ್ವನ ಥರ ಇದೆ" ಎಂದರು ನಮ್ಮವರು. "ಅಲ್ಲ ಕಣ್ರೀ, ಆ ಕಡೆ ಬಳೆ ನೋಡಿ" ಎಂದರು ಚಿಕ್ಕೇಗೌಡರು.

ನಾನು ರಿಮೋಟ್ ಒತ್ತಿದೆ. ಏನೂ ಆಗಲಿಲ್ಲ. ಜೋರಾಗಿ ಒತ್ತಿದೆ. ಅಂಗೈಗೆ ಬಡಿದೆ. ಶೆಲ್ಲು ತೆಗೆದು ಹಾಕಿದೆ. ಒಬ್ಬೊಬ್ಬರೂ ಇಸಿದುಕೊಂಡು ಒತ್ತಿದರು, ಬೇಡಿಕೊಂಡರು, ಬೈದರು. ಅಷ್ಟರಲ್ಲಿ ಅತ್ತೆಯವರ ದನಿ, ಒಂಟಿಯಾಗಿ, ತುಂಬ ಇಂಪಾಗಿ ಕೇಳಿಬಂತು. ಪರದೆಯ ಮೇಲೆ ಒಂದು ಸೆರಗು ಉಸಿರಾಡುತ್ತಿತ್ತು. ಅತ್ತೆಯವರು ಕುರ್ಚಿಯಿಂದ ಅರ್ಧ ಎದ್ದು, ಕತ್ತು ಚಾಚಿ, ಪರದೆಯ ಮೇಲಂಚಿನಾಚೆ ಏನಾದರೂ ಕಂಡೀತೇ ಎಂದು ಇಣುಕುತ್ತಿದ್ದರು. ನನಗೆ ಅಳುವೇ ಬಂತು.

"ಅಯ್ಯೋ, ವಿಭೂತಿ!" ಎಂದು ನಮ್ಮವರು ಟೀವಿಯತ್ತ ಧಾವಿಸಿದರು. ರಿಮೋಟಿನ ಸಂಕೇತ ಹಿಡಿಯುವ ಪುಟ್ಟ ಕಣ್ಣು ಆ ಕಪ್ಪು ಪಟ್ಟಿಯಲ್ಲೇ ಇತ್ತು. ಅದಕ್ಕೆ ಸರಿಯಾಗಿ ಮೂರು ಪಟ್ಟೆ, ಒಂದು ಕುಂಕುಮ! ಪಂಚೆಯ ತುದಿಯಿಂದ ಉಜ್ಜಿದರು. ಒಣಗಿ ಕೂತಿದ್ದ ಒಂದನೇ ನಂಬರ್ ಮಾಲು, ಸುಲಭಕ್ಕೆ ಬಿಡಲಿಲ್ಲ. ಅಂತೂ ಬಿಟ್ಟಿತು. ನಾನು ಗುಂಡಿ ಒತ್ತಿದೆ. ಚಿತ್ರ ಅಳತೆಗೆ ಸರಿಯಾಗಿ, ತಲೆಯಿಂದ ಕಾಲಿನವರೆಗೆ ಪೂರ್ತಿ ಬಂತು.

ಸೋಪಿನ ಜಾಹೀರಾತು.

ಕಾರ್ಯಕ್ರಮ ಅಷ್ಟಕ್ಕೇ ಮುಗಿದಿತ್ತು. ಬೀದಿಯವರು ಉಪ್ಪಿಟ್ಟು ತಿಂದು, ದನಿ ಬಹಳ ಚೆನ್ನಾಗಿತ್ತೆಂದು ಹೇಳಿ ಹೋದರು. ಅತ್ತೆಯವರು ಖಾಲಿ ತಟ್ಟೆಗಳನ್ನು ಎತ್ತತೊಡಗಿದರು. ನನಗೆ ಅವರ ಮುಖ ನೋಡುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ನಂಜನಗೂಡಿನಿಂದ ಅತ್ತೆಯವರ ತಂಗಿ. ಅವರ ಮನೆಯಲ್ಲಿರುವುದು ಅಂಗೈಯಗಲದ ಓಬೀರಾಯನ ಕಾಲದ ಟೀವಿ.

ಅತ್ತೆಯವರು ಫೋನನ್ನು ಕಿವಿಗೆ ಒತ್ತಿಕೊಂಡರು. "ಹೌದಾ? ಚೆನ್ನಾಗಿ ಕಂಡ್ನಾ? ನನ್ ಮುಖ ಎಂಗಿತ್ತೆ, ಹೇಳೇ... ಕಣ್ ಮುಚ್ಕೊಂಡಿದ್ನಾ? ಮೂಗುಬೊಟ್ಟು ಹೊಳೀತಿತ್ತಾ? ಇನ್ನೊಂದ್ಸಲ ಹೇಳೇ..."

ತಂಗಿ ಹೇಳುತ್ತಲೇ ಇದ್ದರು. ಅತ್ತೆಯವರು ಕಣ್ಣು ಮುಚ್ಚಿ, ನಗುತ್ತಾ, ತಮ್ಮ ಮುಖವನ್ನು ನಂಜನಗೂಡಿನ ಕಡೆಯಿಂದ ನೋಡಿಕೊಂಡರು. ಕೊನೆಗೆ ತಂಗಿ ಏನು ಕೇಳಿದರೋ, ಅತ್ತೆಯವರು ನನ್ನತ್ತ ಒಮ್ಮೆ ನೋಡಿ, ಅಕ್ಕರೆಯಿಂದಲೇ ಅಂದರು:

"ಇಲ್ಲ ಕಣೇ, ನಾನು ನೋಡ್ಲಿಲ್ಲ. ನಮ್ ಸೊಸೆ ಬೀದಿಗೇ ದೊಡ್ ಟೀವಿ ತಂದವ್ಳೆ. ಅದ್ರಲ್ಲಿ ನನ್ ತಲೆ ಹಿಡೀಲಿಲ್ಲ!"

ನಾನು ತಲೆ ತಗ್ಗಿಸಿದೆ. ನನ್ನದಾದರೂ ಪೂರ್ತಿ ಕಾಣುತ್ತಿತ್ತು.