ಆಲುವದಿಂದ ಹೊರಟ ತಲೆ

ಪೆಟ್ಟಿಗೆಯ ಕೊಂಡಿ ಮುರಿದದ್ದು ಬೆಳಿಗ್ಗೆ ಆರಕ್ಕೆ, ಸರಿಯಾಗಿ ಆಟೋದವನು ಗೇಟಿನಲ್ಲಿ ಹಾರ್ನ್ ಒತ್ತುವ ಹೊತ್ತಿಗೆ. ಕೃಷ್ಣಾನಂದರು ಒಮ್ಮೆ ಪೆಟ್ಟಿಗೆಯನ್ನೂ ಒಮ್ಮೆ ಅದರೊಳಗಿನ ತಲೆಯನ್ನೂ ನೋಡಿ, ತಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡರು.

ಅದೊಂದು ಬೊಂಬೆಯ ತಲೆ. ಬೂದು ಬಣ್ಣ, ಬೋಳು ಬುರುಡೆ, ರಬ್ಬರಿನ ಕಿವಿಗಳು, ಕಿವಿಯೊಳಗೆ ಪುಟ್ಟ ಮೈಕುಗಳು. ಇಯರ್‌ಫೋನನ್ನು ಅದರ ಕಿವಿಗೆ ಸಿಕ್ಕಿಸಿದರೆ, ಹಾಡು ಮನುಷ್ಯನ ಕಿವಿಗೆ ಎಷ್ಟು ಜೋರಾಗಿ ಬಡಿಯುತ್ತದೆಂದು ಅಂಗೈಯಗಲದ ಮೀಟರು ಹೇಳುತ್ತಿತ್ತು. ಕೊಚ್ಚಿಯ ಸರ್ಕಾರಿ ಪ್ರಯೋಗಾಲಯವೊಂದರಲ್ಲಿ ಆ ತಲೆಯನ್ನು ನೋಡಿಕೊಳ್ಳುವ ಕೆಲಸ ಪುತ್ತೂರಿನ ಕೃಷ್ಣಾನಂದರದು. ಮ್ಯೂಸಿಕ್ ಪ್ಲೇಯರು, ಮೊಬೈಲುಗಳ ಸದ್ದಿಗೆ ಮಿತಿ ಹಾಕುವ ನಿಯಮದ ಬಗ್ಗೆ ಅಂದು ಹನ್ನೆರಡು ಗಂಟೆಗೆ ತಿರುವನಂತಪುರದ ಪಟ್ಟಂನಲ್ಲಿ ಸಭೆ. ದೆಹಲಿಯಿಂದ ಬರುವ ಸದಸ್ಯರೆದುರು ಅಳೆದು ತೋರಿಸುವ ಅವಕಾಶ ಹನ್ನೊಂದು ವರ್ಷದ ಸರ್ವೀಸಿನಲ್ಲಿ ಮೊದಲ ಸಲ ಅವರಿಗೆ ಸಿಕ್ಕಿತ್ತು. ಚೆನ್ನಾಗಿ ನಡೆದರೆ ಬಡ್ತಿ ಖಂಡಿತ ಎಂದು ಡೈರೆಕ್ಟರ್ ಶಂಕರನಾರಾಯಣರು ಬಾಯಿಬಿಟ್ಟೇ ಹೇಳಿದ್ದರು.

"ಎಂಥ ಯೋಚನೆ ಮಾಡ್ತೀರಿ ಮಾರಾಯ್ರೆ, ರೈಲು ಹೋಗ್ತದೆ," ಎನ್ನುತ್ತ ಹೆಂಡತಿ ವಿಜಯಶ್ರೀ ತನ್ನ ಉಣ್ಣೆಯ ಶಾಲನ್ನು ತಂದು ತಲೆಗೆ ಸುತ್ತಿದಳು. "ಮಡಿಲಲ್ಲಿ ಇಟ್ಕೊಂಡು ಕೂತ್ಕೊಳ್ಳಿ. ಯಾರು ಕೇಳ್ತಾರೆ?"

ಕೇಳುವವರು ರೈಲಿನ ಎದುರು ಸೀಟಿನಲ್ಲೇ ಕೂತಿದ್ದರು.

ವಲ್ಲಾರ್ಪಾಡಂನ ಮೇರಿ ಚೇಚಿಗೆ, ಅಂದರೆ ಮೇರಿ ಅಕ್ಕನಿಗೆ, ಅರವತ್ತರ ಮೇಲಾಗಿತ್ತು. ಮಗಳ ಮನೆಗೆ ಹೊರಟಿದ್ದ ಅವರ ಬಾಯಿಗೆ ರೈಲಿಗಿದ್ದಷ್ಟು ಸ್ಟಾಪುಗಳೂ ಇರಲಿಲ್ಲ. ಕೊಚ್ಚಿ ಬಳಿಯ ಆಲುವ ಸ್ಟೇಷನ್ ಬಿಟ್ಟು ಐದು ನಿಮಿಷಕ್ಕೆ ಅವರ ಕಣ್ಣು ಶಾಲಿನ ಮೇಲೆ ಬಿತ್ತು.

"ಮಗುವಿಗೆ ಜ್ವರವಾ ಮೋನೆ?" ಎಂದು ಮಗನನ್ನು ಕರೆಯುವಂತೆ ಮಲಯಾಳದಲ್ಲಿ ಕೇಳಿದರು.

ಇದು ತಲೆ, ಇದಕ್ಕೆ ದೇಹವಿಲ್ಲ, ಕಿವಿಯಲ್ಲಿ ಮೈಕಿದೆ ಎಂದೆಲ್ಲ ಬೆಳಗಾತ ವಿವರಿಸುವ ತ್ರಾಣ ಕೃಷ್ಣಾನಂದರಿಗಿರಲಿಲ್ಲ. "ಹೂಂ," ಎಂದುಬಿಟ್ಟರು. ಆಮೇಲೆ, ತೀರಾ ಸುಳ್ಳಾಗದಿರಲೆಂದು, "ಕಿವಿಯದ್ದು ಸ್ವಲ್ಪ ವಿಷಯ," ಎಂದು ಸೇರಿಸಿದರು.

ಬೋಗಿಗೆ ಬೋಗಿಯೇ ಡಾಕ್ಟರಾಯಿತು. ಒಬ್ಬರು ಬೆಳ್ಳುಳ್ಳಿ ಎಣ್ಣೆ ಬಿಡಿ ಎಂದರು. ಇನ್ನೊಬ್ಬರು ಎಣ್ಣೆ ಬಿಟ್ಟರೆ ಕಿವಿ ಹೋಗುತ್ತದೆ ಎಂದರು. ಇಬ್ಬರಿಗೂ ಜಗಳ ಹತ್ತಿತು. ಮೇರಿ ಚೇಚಿ ಕಣ್ಣು ಮುಚ್ಚಿ, ಮಗುವಿನ ಕಿವಿ ವಾಸಿಯಾದರೆ ವಲ್ಲಾರ್ಪಾಡಂ ಚರ್ಚಿನ ಮಾತೆಗೆ ನೂರು ಮೇಣದಬತ್ತಿ ಹಚ್ಚುವುದಾಗಿ ಹರಕೆ ಹೊತ್ತರು.

"ಇಷ್ಟು ಹೊತ್ತಿನಿಂದ ಒಂದು ಚೂರೂ ಅಲುಗಾಡಲಿಲ್ಲವಲ್ಲ," ಎಂದು ಪಕ್ಕದ ಸೀಟಿನ ಶಾಂತಾ ಎದ್ದು ಬಂದರು. ಅವರು ನರ್ಸು. ಕೃಷ್ಣಾನಂದರು "ಬೇಡ, ಬೇಡ" ಎನ್ನುವಷ್ಟರಲ್ಲಿ ಕೈ ಶಾಲಿನೊಳಗೆ ಹೋಗಿ ಹಣೆ ಮುಟ್ಟಿತ್ತು.

"ಅಯ್ಯೋ! ತಣ್ಣಗಿದೆ! ಉಸಿರೇ ಇಲ್ಲ!"

ಹೆಂಗಸರು ಕಿರುಚಿದರು. ಒಬ್ಬರು ಚೈನಿನತ್ತ ಕೈ ಚಾಚಿದರು. ಕೃಷ್ಣಾನಂದರು ಬೇರೆ ದಾರಿ ತೋಚದೆ ಶಾಲನ್ನು ಎಳೆದೇಬಿಟ್ಟರು. ಒಳಗಿನಿಂದ ಬೋಳು, ಬೂದು, ಕಣ್ಣಿಲ್ಲದ ಮುಖ ಹೊರಬಂದಾಗ ಎದ್ದ ಎರಡನೇ ಕಿರುಚಾಟದ ಮುಂದೆ ಮೊದಲನೆಯದು ಪಿಸುಮಾತು.

ಅಷ್ಟು ಗಲಾಟೆಯಲ್ಲೂ ತಿರುಗಿ ನೋಡದವಳು ಕಿಟಕಿಯ ಬಳಿಯ ಕಾಲೇಜು ಹುಡುಗಿ ನೇಹಾ ಒಬ್ಬಳೇ. ಆಲುವದಿಂದ ಅವಳ ಕಿವಿಯಲ್ಲಿ ಇಯರ್‌ಫೋನು. ಯಾರೋ ಭುಜ ಅಲುಗಿಸಿದಾಗ ಒಂದನ್ನು ತೆಗೆದು, "ಏನಂಕಲ್, ಕೊಲ್ಲಂ ಬಂತಾ?" ಎಂದಳು.

ಕೃಷ್ಣಾನಂದರಿಗೆ ಜೀವ ಬಂತು. "ನೋಡಿ, ಇಂಥವರಿಗಾಗಿಯೇ ಈ ತಲೆ!" ಎಂದು ಎದ್ದು ನಿಂತರು. ತಮ್ಮ ಫೋನಿನ ಇಯರ್‌ಫೋನನ್ನು ಬೊಂಬೆಯ ಕಿವಿಗೆ ಸಿಕ್ಕಿಸಿ, ಹಾಡು ಹಚ್ಚಿ, "ನೀನು ದಿನಾ ಕೇಳುವಷ್ಟು ಜೋರು ಮಾಡಮ್ಮ," ಎಂದು ಫೋನನ್ನು ಅವಳ ಕೈಗೆ ಕೊಟ್ಟರು. ಮೀಟರು ನೂರ ಒಂದು ಡೆಸಿಬೆಲ್ ತೋರಿಸಿತು.

"ಎಂಬತ್ತರಲ್ಲಾದರೆ ವಾರಕ್ಕೆ ನಲವತ್ತು ಗಂಟೆ ಕೇಳಬಹುದು. ಮೂರು ಡೆಸಿಬೆಲ್ ಏರಿದ ಹಾಗೆ ಹೊತ್ತು ಅರ್ಧ ಆಗ್ತದೆ. ನೀನು ವಾರಕ್ಕೆ ಕೇಳಬಹುದಾದ್ದು ಹತ್ತೊಂಬತ್ತು ನಿಮಿಷ."

"ಅಯ್ಯೋ, ಈ ವಾರದ್ದು ಎರ್ನಾಕುಲಂ ಬರೋ ಮೊದಲೇ ಮುಗೀತು!"

ಬೋಗಿ ನಕ್ಕಿತು. ಆಮೇಲೆ ಎಲ್ಲರಿಗೂ ತಂತಮ್ಮ ಅಂಕಿ ಬೇಕಾಯಿತು. ಸಾಲು ನಿಂತಿತು, ಪಕ್ಕದ ಬೋಗಿಯಿಂದಲೂ ಜನ ಬಂದರು. ಕೃಷ್ಣಾನಂದರ ಫೋನನ್ನು ಒಬ್ಬೊಬ್ಬರಿಗೆ ಕೊಟ್ಟು ಇಸಿದುಕೊಳ್ಳುವ ಹೊಣೆಯನ್ನು ಮೇರಿ ಚೇಚಿ ತಾವಾಗಿ ವಹಿಸಿಕೊಂಡರು. ಶಾಂತಾ ಸಾಲು ನೋಡಿಕೊಂಡರು. ಕೃಷ್ಣಾನಂದರು ಹೆಸರು, ವಯಸ್ಸು, ಡೆಸಿಬೆಲ್ ಎಂದು ಪುಸ್ತಕದಲ್ಲಿ ಬರೆಯುತ್ತ ಹೋದರು. ಯಾರೋ ಚಹಾ ಕೊಡಿಸಿದರು, ಯಾರೋ ಬಾಳೆಹಣ್ಣು ಕರಿದ ಪಳಂಪೊರಿ ಕೊಟ್ಟರು. ಹನ್ನೊಂದು ವರ್ಷದಲ್ಲಿ ಅವರ ಮಾತನ್ನು ಇಷ್ಟು ಜನ ಒಟ್ಟಿಗೆ ಕೇಳಿದ್ದೇ ಇಲ್ಲ. ಎದೆ ಪೂರಿಯಂತೆ ಉಬ್ಬಿತು. ತಿರುವನಂತಪುರ ಬಂದಾಗ ಪುಸ್ತಕದಲ್ಲಿ ಎಪ್ಪತ್ತಮೂರು ಜನರಿದ್ದರು.

ಪ್ಲಾಟ್‌ಫಾರಂನಲ್ಲಿ ಮೇರಿ ಚೇಚಿ ಫೋನು ಹಿಂದಿರುಗಿಸಿದರು. "ನಡುನಡುವೆ ಒಬ್ಬ ಫೋನು ಮಾಡಿ ಬಹಳ ಕಾಟ ಕೊಟ್ಟ ಮೋನೆ. ಹಾಡು ನಿಲ್ಲಬಾರದಲ್ಲ, ಹನ್ನೊಂದು ಸಲವೂ ಕಟ್ ಮಾಡಿದೆ. ಡೈರೆಕ್ಟರ್ ಅಂತ ಹೆಸರು ಬರ್ತಿತ್ತು. ನಿನಗ್ಯಾಕೆ ಈ ವಯಸ್ಸಲ್ಲಿ ಸಿನಿಮಾದವರ ಸಹವಾಸ?"

ಕೃಷ್ಣಾನಂದರು ಅಲ್ಲೇ ನಿಂತು ಡೈರೆಕ್ಟರರಿಗೆ ಫೋನು ಮಾಡಿದರು. ಕಾಸರಗೋಡಿನ ಕನ್ನಡಿಗ ಶಂಕರನಾರಾಯಣರ ದನಿಯನ್ನು ಅಳೆಯಲು ಮೀಟರು ಬೇಕಿರಲಿಲ್ಲ.

"ಎಲ್ಲಿದ್ದೀರಿ ಮಾರಾಯ್ರೆ? ತಿರುವನಂತಪುರದಲ್ಲಿ ಮೋಡ ಕವಿದು ವಿಮಾನ ಕೊಚ್ಚಿಯಲ್ಲಿ ಇಳಿದಿದೆ. ಸಭೆ ಇಲ್ಲೇ! ಮೆಂಬರುಗಳೆಲ್ಲ ಲ್ಯಾಬಿನಲ್ಲಿ ಕೂತಿದ್ದಾರೆ. ಕೋಟ್ಟಯಂನಲ್ಲಿ ಇಳಿದು ವಾಪಸ್ ಬನ್ನಿ ಅಂತ ಹೇಳಲಿಕ್ಕೆ ಹನ್ನೊಂದು ಸಲ ಮಾಡಿದ್ದೇನೆ. ನಿಮಗೆ ತಲೆ ಉಂಟಾ ಕೃಷ್ಣಾನಂದರೇ?"

"ಉಂಟು ಸಾರ್," ಎಂದರು ಕೃಷ್ಣಾನಂದರು ಶಾಲನ್ನು ಅವುಚಿಕೊಂಡು. "ಕೈಯಲ್ಲೇ ಉಂಟು."

ಆ ಕಡೆ ಫೋನು ಇಟ್ಟ ಸದ್ದಾಯಿತು.

ಮುಂದಿನ ರೈಲು ಹಿಡಿದು ಅವರು ಲ್ಯಾಬು ಸೇರಿದಾಗ ಸಂಜೆಯಾಗಿತ್ತು. ಸದಸ್ಯರು ಮೀನೂಟ ಮುಗಿಸಿ ಹೊರಡುವ ತಯಾರಿಯಲ್ಲಿದ್ದರು. ಕೃಷ್ಣಾನಂದರು ಪುಸ್ತಕವನ್ನು ಮುಂದಿಟ್ಟರು. ಅಧ್ಯಕ್ಷರು ನಿಂತುಕೊಂಡೇ ಒಂದು ಪುಟ ಓದಿದರು, ಕುಳಿತು ಇನ್ನೊಂದು ಓದಿದರು, ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದಿದರು. ಓಡುವ ರೈಲಿನಲ್ಲಿ ಜನ ನಿಜವಾಗಿ ಎಷ್ಟು ಜೋರಾಗಿ ಕೇಳುತ್ತಾರೆಂಬ ಮಾಹಿತಿ ತಾವು ಎಲ್ಲೂ ಕಂಡಿಲ್ಲ ಎಂದರು. ಕೃಷ್ಣಾನಂದರ ಕೈ ಕುಲುಕಿದರು. ಡೈರೆಕ್ಟರರ ಮುಖ ಕೂಡ ಸಡಿಲವಾಯಿತು. ಬಡ್ತಿ ಬಾಗಿಲಿಗೇ ಬಂದು ನಿಂತಂತಾಯಿತು.

ಅರ್ಧ ಗಂಟೆಯಲ್ಲಿ ಆದೇಶ ಟೈಪಾಗಿ ಕೈಗೆ ಬಂತು. ಎಪ್ಪತ್ತಮೂರು ಸಾಲದು, ಐದು ಸಾವಿರ ಪ್ರಯಾಣಿಕರ ಅಳತೆಯಾಗಬೇಕು. ಅದಕ್ಕಾಗಿ ಶ್ರೀ ಕೃಷ್ಣಾನಂದರು ವಾರದಲ್ಲಿ ಮೂರು ದಿನ ಇದೇ ರೈಲಿನಲ್ಲಿ ಹೋಗಿಬರತಕ್ಕದ್ದು. ಬಡ್ತಿಯ ವಿಷಯ ವರದಿ ಬಂದ ಮೇಲೆ. ಉಪಕರಣ ಬಹಳ ಸೂಕ್ಷ್ಮವಾದ್ದರಿಂದ ಅದಕ್ಕೆ ಎ.ಸಿ. ಬೋಗಿಯಲ್ಲಿ ಕಿಟಕಿ ಪಕ್ಕದ ಸೀಟು ಕಾದಿರಿಸಲು ಮಂಜೂರಾತಿ ನೀಡಲಾಗಿದೆ.

ಕೃಷ್ಣಾನಂದರು ಹಾಳೆ ತಿರುವಿ ಹಿಂಬದಿ ನೋಡಿದರು. ಅವರ ಸೀಟಿನ ಬಗ್ಗೆ ಅಲ್ಲೂ ಏನೂ ಬರೆದಿರಲಿಲ್ಲ.