ಮಸನೊರಿ ಬೆಟ್ಟ ಇಳಿದು ಅನ್ನ ಮಾಡಿದ್ದು

ಮಸನೊರಿ ಕಾಜಿತಾನಿ ಆಡಿದ್ದು ಐದೇ ಐದು ಪದ. "ಇವತ್ತು ಅನ್ನ ಸ್ವಲ್ಪ ಗಟ್ಟಿ ಅಲ್ವಾ?" ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆ ಭಾನುವಾರದ ಮಧ್ಯಾಹ್ನದ ಊಟ ಸುಖವಾಗಿ ಮುಗಿಯುತ್ತಿತ್ತು. ಆದರೆ ಗಂಡಸರ ನಾಲಿಗೆಗೆ ಬ್ರೇಕು ಕೆಲಸ ಮಾಡುವುದು ಆಫೀಸಿನಲ್ಲಿ ಮಾತ್ರ. "ನಮ್ಮಮ್ಮನ ಮನೆ ಅನ್ನ ಮುತ್ತಿನ ಹಾಗೆ ಹೊಳೀತಿತ್ತು" ಎಂದು ಇನ್ನೊಂದು ವಾಕ್ಯವನ್ನು ಉಚಿತವಾಗಿ ಸೇರಿಸಿದ.

ಎದುರಿಗೆ ಕೂತಿದ್ದ ಹೆಂಡತಿ ಫುಸಾಕೊ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. ಸದ್ದೇ ಆಗದ ಹಾಗೆ ಇಟ್ಟಳು. ಹನ್ನೆರಡು ವರ್ಷದ ಸಂಸಾರದಲ್ಲಿ ಮಸನೊರಿ ಕಲಿತ ವಿದ್ಯೆ ಒಂದೇ: ಕಡ್ಡಿ ಸದ್ದು ಮಾಡಿದರೆ ಸಣ್ಣ ಜಗಳ, ಮಾಡದಿದ್ದರೆ ಮಹಾಯುದ್ಧ. ಒಂಬತ್ತು ವರ್ಷದ ಮಗಳು ಮಿಹೊಗೂ ಈ ಶಾಸ್ತ್ರ ತಿಳಿದಿತ್ತು. ಅವಳು ತನ್ನ ಬಟ್ಟಲು ಎತ್ತಿಕೊಂಡು ಸೋಫಾದ ಹಿಂದಕ್ಕೆ ವಲಸೆ ಹೋದಳು.

ಫುಸಾಕೊಳ ಸಿಟ್ಟು ಸುಮ್ಮನೆ ಬಂದದ್ದಲ್ಲ. ಗಂಡನ ನೀರು ಸರಬರಾಜಿನ ಇಂಜಿನಿಯರ್ ಕೆಲಸದ ಬೆನ್ನು ಹಿಡಿದು ಜಪಾನಿನಿಂದ ಬೊಲಿವಿಯಾದ ಲಾ ಪಾಜ್ ಊರಿಗೆ ಬಂದು ಮೂರು ವರ್ಷವಾಗಿತ್ತು. ಸಮುದ್ರಕ್ಕಿಂತ ಮೂರೂವರೆ ಸಾವಿರ ಮೀಟರು ಮೇಲಿರುವ ಊರು. ಇಲ್ಲಿ ಮನುಷ್ಯ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ನೀರಂತೂ ಶುದ್ಧ ಸೋಗಲಾಡಿ, ಸರಿಯಾಗಿ ಬಿಸಿಯಾಗುವ ಮೊದಲೇ ಕೊತಕೊತ ಕುದಿದು ಕೆಲಸ ಮುಗಿಯಿತೆಂದು ತೋರಿಸಿಕೊಳ್ಳುತ್ತದೆ. ಅಂಥ ನೀರಿನಲ್ಲಿ ಅವಳು ದಿನಕ್ಕೆರಡು ಸಲ ಅನ್ನ ಮಾಡುತ್ತಿದ್ದಳು. ಊರಿನಿಂದ ಪೆಟ್ಟಿಗೆಯಲ್ಲಿ ತಂದ, ಸೋಯಾ ಹುಳಿಬರಿಸಿ ಮಾಡಿದ ಮಿಸೊವನ್ನು ಚಿನ್ನದ ಹಾಗೆ ಅಳೆದು ಸಾರು ಮಾಡುತ್ತಿದ್ದಳು. ಸೋಯಾ ಕಾಳು ರುಬ್ಬಿ ಟೋಫು ಮಾಡಿ, ಮೂಲಂಗಿಗೆ ಉಪ್ಪು ಹಾಕಿಟ್ಟು, ಮಗಳ ಶಾಲೆಯ ಡಬ್ಬಿಗೆ ಮೊಟ್ಟೆಯ ಸುರುಳಿ ಸುತ್ತುತ್ತಿದ್ದಳು. ಇಷ್ಟೆಲ್ಲ ಮಾಡಿಯೂ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅತ್ತೆಯ ವಿಡಿಯೊ ಕರೆ ಬರುತ್ತಿತ್ತು. ಅತ್ತೆ ಮಗನ ಮುಖವನ್ನು ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಿ, "ಸೊರಗಿದ್ದೀಯ ಕಣೋ" ಎನ್ನುತ್ತಿದ್ದರು. ಆವತ್ತು ಬೆಳಿಗ್ಗೆಯೂ ಅಂದಿದ್ದರು.

"ನಾಳೆಯಿಂದ ನೀವೇ ಮಾಡಿ" ಎಂದಳು ಫುಸಾಕೊ.

"ಏನನ್ನ?"

"ಅನ್ನಾನೇ. ಜೊತೆಗೆ ಸಾರು, ಮೀನು, ಪಲ್ಯ, ಮಗಳ ಡಬ್ಬಿ. ಒಂದು ವಾರ. ಒಂದು ಸಲ, ಒಂದೇ ಸಲ, ಮುತ್ತಿನ ಹಾಗೆ ಹೊಳೆಯೋ ಅನ್ನ ಬಡಿಸಿ. ಮೂರು ವರ್ಷದಿಂದ ತಪ್ಪೆಲ್ಲ ನಂದೇ ಅಂತ ಒಪ್ಕೋತೀನಿ. ಆಗ್ಲಿಲ್ಲ ಅಂದ್ರೆ ಬರೋ ಭಾನುವಾರ ನಿಮ್ಮಮ್ಮನ ಮುಂದೆ, ನಿಮ್ಮ ಬಾಯಲ್ಲೇ, ಫುಸಾಕೊ ಮಾಡೋ ಅನ್ನಾನೇ ಚೆನ್ನ ಅಂತ ಹೇಳ್ಬೇಕು."

ಮಸನೊರಿಗೆ ನಗು ಬಂತು. ಮೂರು ಬೆಟ್ಟದ ತುದಿಗೆ ನೀರು ಹತ್ತಿಸಿದ ತಾನು ಒಂದು ಲೋಟ ನೀರನ್ನು ಅಕ್ಕಿಯೊಳಕ್ಕೆ ಇಳಿಸಲಾರೆನೆ? ದೊಡ್ಡ ಹಾಳೆಯೊಂದರ ಮೇಲೆ 'ಅನ್ನ ಯೋಜನೆ, ಒಂದನೇ ಹಂತ' ಎಂದು ಬರೆದು, ಸ್ಕೇಲು ಹಿಡಿದು ಗೆರೆ ಎಳೆದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಫುಸಾಕೊ ಅದನ್ನು ಓದಿ, ಕಾದಂಬರಿ ಹಿಡಿದು ಮಂಚದ ಮೇಲೆ ಕಾಲು ಚಾಚಿದಳು. ಮೂರು ವರ್ಷದಲ್ಲಿ ಅದೇ ಮೊದಲು.

ಸೋಮವಾರದ ಅನ್ನ ಹೊರಗೆ ಗಂಜಿ, ಒಳಗೆ ಮರಳು. ಮಿಹೊ ಒಂದು ತುತ್ತು ಬಾಯಲ್ಲಿಟ್ಟುಕೊಂಡು, ಇದನ್ನು ಅಗಿಯಬೇಕೋ ನುಂಗಬೇಕೋ ಎಂದು ವಿನಯದಿಂದ ವಿಚಾರಿಸಿದಳು. ಫುಸಾಕೊ ಮಾತ್ರ ಒಂದು ಅಗುಳೂ ಬಿಡದೆ ಉಂಡು, ಕೈ ಜೋಡಿಸಿ, ಊಟ ಬಹಳ ಸೊಗಸಾಗಿತ್ತು ಎಂದು ಪದ್ಧತಿಯಂತೆ ಹೇಳಿ ಎದ್ದಳು. ಬೈದಿದ್ದರೆ ಮಸನೊರಿ ತಡೆದುಕೊಳ್ಳುತ್ತಿದ್ದ. ಈ ಸೌಜನ್ಯ ಎದೆಗೆ ನಾಟಿತು.

ಮಂಗಳವಾರ ಅವನು ಹೆಂಡತಿಯ ಪ್ರೆಶರ್ ಕುಕ್ಕರಿಗೆ ಕೈ ಹಾಕಿದ. ಎಷ್ಟು ನೀರು, ಎಷ್ಟು ಹೊತ್ತು ಎಂದು ಅವಳನ್ನೇ ಕೇಳಬಹುದಿತ್ತು. ಆದರೆ ಯುದ್ಧದ ನಡುವೆ ಶತ್ರುವನ್ನು ದಾರಿ ಕೇಳುವುದುಂಟೆ? (ಗಂಡಸರು ಶಾಂತಿಕಾಲದಲ್ಲೂ ದಾರಿ ಕೇಳುವುದಿಲ್ಲ, ಆ ಮಾತು ಬೇರೆ.) ತನ್ನದೇ ಲೆಕ್ಕದಲ್ಲಿ ನಲವತ್ತು ನಿಮಿಷ ಕೂಗಿಸಿದ. ತೆರೆದಾಗ ಅನ್ನದ ಬದಲು ಬಿಳಿಯ ಅಂಟೊಂದು ದೊರೆಯಿತು. ಮಿಹೊ ಅದನ್ನು ಬಳಸಿ ತಾನು ಬರೆದ ನಕ್ಷೆಯನ್ನು ಶಾಲೆಯ ಗೋಡೆಗೆ ಅಂಟಿಸಿದಳು. ಆ ನಕ್ಷೆ ಇವತ್ತಿಗೂ ಬಿಟ್ಟಿಲ್ಲ, ಟೀಚರು ಬೇರೆ ಗೋಡೆಗೆ ಹಾಕಲು ಎಷ್ಟು ಎಳೆದರೂ.

ಬುಧವಾರ ಅನ್ನದಿಂದ ಸ್ವಲ್ಪ ದೂರವಿರೋಣವೆಂದು, ಆಲೂಗಡ್ಡೆ ಮತ್ತು ಮಾಂಸವನ್ನು ಸೋಯಾ ರಸದಲ್ಲಿ ಸಿಹಿಯಾಗಿ ಬೇಯಿಸುವ, ಜಪಾನಿನ ಮನೆಮನೆಯ ಪಲ್ಯಕ್ಕೆ ಇಳಿದ. ಸಂತೆಯಲ್ಲಿ ಆಲೂಗಡ್ಡೆಯ ಗುಡ್ಡೆಗಳ ನಡುವೆ ಕೂತಿದ್ದ ಮಾರುವಾಕೆ ದೋನ್ಯಾ ಸಿಲ್ವೆರಿಯಾಳ ಬಳಿ ಹೋಗಿ ಒಂದು ಕಿಲೋ ಆಲೂಗಡ್ಡೆ ಕೇಳಿದ.

"ಯಾವುದು?" ಎಂದಳು ಆಕೆ.

ಈ ದೇಶದಲ್ಲಿ ಆ ಪ್ರಶ್ನೆಗೆ ಇನ್ನೂರು ಉತ್ತರಗಳಿವೆ. ಸಾರಿಗೆ ಬೇಕಾದದ್ದು ಬೇರೆ, ಹುರಿಯಲು ಬೇರೆ, ಬೀಗರಿಗೆ ಬೇರೆ ಎಂದು ಆಕೆ ಶುರುಮಾಡಿದಳು. ಹಳದಿ, ನೇರಳೆ, ಗುಲಾಬಿ, ಮೂಗಿರುವವು, ಮೂಗಿಲ್ಲದವು. ತಾನು ಅಡುಗೆ ಬಲ್ಲವನೆಂದು ತೋರಿಸಿಕೊಳ್ಳಲು ಮಸನೊರಿ ಎಲ್ಲಕ್ಕಿಂತ ವಿಚಿತ್ರವಾಗಿದ್ದ, ಕರೀ ಗೋಲಿಗಳಂಥವನ್ನು ಗತ್ತಿನಿಂದ ತೋರಿಸಿದ. ಮನೆಯಲ್ಲಿ ಹೆಂಗಸರು ಹುಷಾರಾಗಿದ್ದಾರಾ ಎಂದು ಕೇಳುತ್ತಲೇ ಆಕೆ ತೂಗಿ ಕೊಟ್ಟಳು. ಅವು ಚುನ್ಯೊ, ಅಂದರೆ ಹಿಮದಲ್ಲಿಟ್ಟು, ತುಳಿದು, ಬಿಸಿಲಲ್ಲಿ ಒಣಗಿಸಿದ ಆಲೂಗಡ್ಡೆ. ಎರಡು ಗಂಟೆ ಕುದಿಸಿದರೂ ಬಟ್ಟಲಲ್ಲಿ ಠಣ್ ಠಣ್ ಎಂದವು.

"ಅಪ್ಪಾ, ಇದನ್ನ ಹಿಂದಿನ ದಿನಾನೇ ನೆನೆಹಾಕ್ಬೇಕು" ಎಂದಳು ಮಿಹೊ. "ನಮ್ಮ ಕ್ಲಾಸಲ್ಲಿ ಎಲ್ಲರಿಗೂ ಗೊತ್ತು."

ಗುರುವಾರದ ಮೀನಿನ ವಿಷಯ ಹೇಳದಿರುವುದೇ ಲೇಸು. ಅಡುಗೆಮನೆಯ ಪರದೆ ಹೇಗೂ ಹಳೆಯದಾಗಿತ್ತು.

ಶುಕ್ರವಾರ ಆಫೀಸಿನಲ್ಲಿ ಪಂಪುಗಳ ಎತ್ತರದ ಪಟ್ಟಿ ನೋಡುತ್ತ ಕೂತಿದ್ದಾಗ ಮಸನೊರಿಗೆ ಜ್ಞಾನೋದಯವಾಯಿತು. ಬೆಟ್ಟದ ಆಚೆ, ಮೂರು ಗಂಟೆ ಬಸ್ಸಿನಲ್ಲಿ ಇಳಿದರೆ ಕೊರೊಯಿಕೊ. ಕಿತ್ತಳೆ ತೋಟದ ಊರು, ಇಲ್ಲಿಗಿಂತ ಎರಡು ಸಾವಿರ ಮೀಟರು ಕೆಳಗೆ. ಅಲ್ಲಿನ ನೀರು ಮರ್ಯಾದಸ್ಥ ನೀರು, ಬಿಸಿಯಾದ ಮೇಲೆಯೇ ಕುದಿಯುತ್ತದೆ. ಒಳ್ಳೆಯ ಅನ್ನ ಲಾ ಪಾಜಿಗೆ ಹತ್ತಿ ಬರುವುದಿಲ್ಲವೆಂದರೆ ತಾನೇ ಇಳಿದು ಹೋಗಿ ಕರೆತಂದರಾಯಿತು. ಇಂಥ ಸರಳ ಸಂಗತಿ ಫುಸಾಕೊಗೆ ಮೂರು ವರ್ಷದಲ್ಲಿ ಹೊಳೆಯಲಿಲ್ಲವಲ್ಲ ಎಂದು ಅವಳ ಬಗ್ಗೆ ಅವನಿಗೆ ಕನಿಕರವೂ ಆಯಿತು.

ಶನಿವಾರ ಬೆಳಿಗ್ಗೆ, ತುರ್ತು ತಪಾಸಣೆಯಿದೆ ಎಂದು ಮನೆಯಲ್ಲಿ ಹೇಳಿ, ಚೀಲದಲ್ಲಿ ವಿದ್ಯುತ್ ಕುಕ್ಕರು ಮತ್ತು ಎರಡು ಸೇರು ಅಕ್ಕಿ ತುಂಬಿಕೊಂಡು ಬಸ್ಸು ಹತ್ತಿದ. ಕೊರೊಯಿಕೊದ ಖಾನಾವಳಿಯ ಯಜಮಾನಿ ಗಲ್ಲಾಪೆಟ್ಟಿಗೆಯ ಪಕ್ಕದ ಪ್ಲಗ್ಗು ಬಿಟ್ಟುಕೊಟ್ಟಳು. ಊಟಕ್ಕೆ ಬಂದವರೆಲ್ಲ, ಸ್ವಂತ ಅಕ್ಕಿ ಹೊತ್ತು ತಂದು ಬೇರೆಯವರ ಹೋಟೆಲಲ್ಲಿ ಬೇಯಿಸುವ ವಿದೇಶಿಯನ್ನು ಸುತ್ತ ನಿಂತು ನೋಡಿದರು. ಮುಚ್ಚಳ ತೆರೆದಾಗ ಮಸನೊರಿಯ ಕಣ್ಣು ತುಂಬಿತು. ಒಂದೊಂದು ಅಗುಳೂ ಮಿನುಗುತ್ತಿತ್ತು. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಬಿಸಿಬಿಸಿಯಾಗಿ ತುಂಬಿ, ಟವಲು ಸುತ್ತಿ, ಪಟ್ಟೆಪಟ್ಟೆಯ ಬಟ್ಟೆಯೊಂದನ್ನು ಕೊಂಡು, ಆ ಊರ ತಾಯಂದಿರು ಮಗುವನ್ನು ಕಟ್ಟಿಕೊಳ್ಳುವಂತೆ ಬೆನ್ನಿಗೆ ಕಟ್ಟಿಕೊಂಡು ವಾಪಸು ಬಸ್ಸು ಹತ್ತಿದ.

ಪಕ್ಕದ ಸೀಟಿನಲ್ಲಿ ಕೂತಿದ್ದ ಬಟ್ಟಲು ಕವುಚಿದಂಥ ಟೋಪಿಯ ಅಜ್ಜಿ ಬೆನ್ನಿನ ಗಂಟನ್ನು ಮೆಲ್ಲಗೆ ತಟ್ಟಿ, ಮಗು ಗಂಡೋ ಹೆಣ್ಣೋ ಎಂದಳು.

"ಅನ್ನ" ಎಂದ ಮಸನೊರಿ.

"ಅನ್ನಾನಾ?"

"ಹೂಂ, ಅನ್ನ."

ಪರದೇಶದವರು ಮಕ್ಕಳಿಗೆ ಏನೇನೋ ಹೆಸರಿಡುತ್ತಾರೆ ಎಂದು ಅಜ್ಜಿ ಸಮಾಧಾನ ತಂದುಕೊಂಡಳು. ಆದರೂ ಹೆಸರಿನ ತಪ್ಪಿಗೆ ಕೂಸು ಯಾಕೆ ನಡುಗಬೇಕು ಎಂದು ತನ್ನ ಶಾಲನ್ನೂ ಗಂಟಿಗೆ ಹೊದಿಸಿದಳು. ಇಷ್ಟು ಹೊತ್ತಾದರೂ ಅಳದ ಮಗುವಿಗಾಗಿ ಹಾಡನ್ನೂ ಹೇಳಿದಳು.

ಬಸ್ಸು ಏರಿತು, ಇನ್ನೂ ಏರಿತು. ಕೊರೊಯಿಕೊದಿಂದ ಲಾ ಪಾಜಿಗೆ ಬರಲು ಲಾ ಪಾಜಿಗಿಂತಲೂ ಎತ್ತರದ ಘಾಟಿಯೊಂದನ್ನು ದಾಟಬೇಕು. ಕೆಳಗೆ ಬಿಗಿದ ಡಬ್ಬಿ ಮೇಲೆ ಹೋದಂತೆ ಉಬ್ಬುತ್ತದೆ ಎಂಬುದು ಗಾಳಿಯ ಒತ್ತಡದ ಮೊದಲ ಪಾಠ, ಮಸನೊರಿ ವರ್ಷಕ್ಕೊಮ್ಮೆ ಕಿರಿಯ ಇಂಜಿನಿಯರುಗಳಿಗೆ ಬೋಧಿಸುವಂಥದ್ದು. ಘಾಟಿಯ ನೆತ್ತಿಯಲ್ಲಿ ಅವನ ಬೆನ್ನ ಮೇಲೆ 'ಢಬ್' ಎಂದಿತು. ಡ್ರೈವರು ಟೈರು ಹೋಯಿತೆಂದು ಬ್ರೇಕು ಒತ್ತಿದ. ಅಜ್ಜಿ ಶಿಲುಬೆಯ ಗುರುತು ಮಾಡಿಕೊಂಡು ಶಾಲು ಸರಿಸಿ ನೋಡಿದಳು.

"ಮಗು ಎಲ್ಲಪ್ಪಾ?"

"ಅನ್ನ ಅಂತ ಆಗ್ಲೇ ಹೇಳಿದ್ನಲ್ಲಮ್ಮ."

ತಾನು ಒಂದು ಗಂಟೆ ಅನ್ನಕ್ಕೆ ಜೋಗುಳ ಹಾಡಿದ ಸಂಗತಿಯನ್ನು ಅಜ್ಜಿ ನಗುತ್ತ ಇಡೀ ಬಸ್ಸಿಗೆ ಸಾರಿದಳು. ಅದು ಮುಗಿಯುವಷ್ಟರಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಡ್ರೈವರು ಬ್ರೇಕು ಒತ್ತದಿದ್ದರೂ ಬಸ್ಸು ನಿಲ್ಲಲೇಬೇಕಿತ್ತು. ಮುಂದೆ ರಸ್ತೆಗೆ ಅಡ್ಡಲಾಗಿ ಕಲ್ಲು. ಶಾಲೆಗೆ ಚಾವಣಿ ಬೇಕೆಂದು ಹಳ್ಳಿಯವರು ದಾರಿ ತಡೆದು ಕೂತಿದ್ದರು.

ಒಂದು ಗಂಟೆ ಹೋಯಿತು. ಎರಡಾಯಿತು. ಹೊರಗೆ ಆಲಿಕಲ್ಲು, ಒಳಗೆ ನಲವತ್ತು ಹಸಿದ ಹೊಟ್ಟೆ, ನಡುವೆ ಮುಚ್ಚಳ ಹಾರಿದ ಡಬ್ಬಿಯಿಂದ ಅನ್ನದ ಘಮ. ಯಾರೂ ಏನೂ ಕೇಳಲಿಲ್ಲ. ಸುಮ್ಮನೆ ನೋಡಿದರು. ಮಸನೊರಿ ಕಿಟಕಿಯಾಚೆ ನೋಡುವಂತೆ ನಟಿಸಿದ. ಕಿಟಕಿಯ ಗಾಜಿನಲ್ಲೂ ಅವರೇ ಕಾಣುತ್ತಿದ್ದರು. ಪಂದ್ಯ, ಅಮ್ಮ, ಮಾನ ಎಲ್ಲ ನೆನಪಾಯಿತು. ಪಕ್ಕದಲ್ಲಿ ಶಾಲು ಕೊಟ್ಟ ಅಜ್ಜಿ ಚಳಿಗೆ ಕೈ ಉಜ್ಜಿಕೊಳ್ಳುತ್ತಿದ್ದಳು. ಇನ್ನು ತಡೆಯಲಾಗದೆ ಅವನು ಕೈ ಒದ್ದೆ ಮಾಡಿಕೊಂಡು ಮೊದಲ ಅನ್ನದುಂಡೆ ಕಟ್ಟಿ ಅವಳ ಕೈಗಿಟ್ಟ. ಎರಡನೆಯದು ಡ್ರೈವರಿಗೆ. ದಾರಿ ತಡೆದವರೂ ಬಂದು ಸಾಲಲ್ಲಿ ನಿಂತರು. ಬರಿಗೈಲಿ ಬರಲು ನಾಚಿಕೆಯಾಗಿ ಉಪ್ಪು ಗಿಣ್ಣನ್ನೂ ಬೆಂದ ಜೋಳದ ತೆನೆಯನ್ನೂ ತಂದರು. ಮಸನೊರಿ ಗಿಣ್ಣನ್ನು ಉಂಡೆಯೊಳಗೆ ಹುದುಗಿಸಿ ಕೊಟ್ಟ. ಉಪ್ಪು ಸಾಲದು, ಖಾರ ಸಾಲದು ಎಂದು ಎಲ್ಲರೂ ಟೀಕಿಸಿದರು, ಎಲ್ಲರೂ ಇನ್ನೊಂದು ಕೇಳಿದರು. ಕೊನೆಯದೊಂದನ್ನು ಮಾತ್ರ ಅವನು ಕೋಟಿನ ಜೇಬಿಗೆ ಹಾಕಿ ಗುಂಡಿ ಹಾಕಿಕೊಂಡ.

ಸಂಜೆ ಆರಕ್ಕೆ ಮನೆ ತಲುಪಿ, ಜೇಬಿನ ಉಂಡೆಯನ್ನು ತಟ್ಟೆಯ ನಡುವೆ ಇಟ್ಟು, ಫುಸಾಕೊಳ ಮುಂದೆ ಸರಿಸಿದ. ಅದು ತಣ್ಣಗಿತ್ತು, ಚಪ್ಪಟೆಯಾಗಿತ್ತು, ಒಂದು ಬದಿಗೆ ಬಸ್ ಟಿಕೆಟು ಅಂಟಿತ್ತು. ಫುಸಾಕೊ ಟಿಕೆಟು ಬಿಡಿಸಿ, ಉಂಡೆಯನ್ನು ಮೂರು ಪಾಲು ಮಾಡಿ, ತನ್ನ ಪಾಲನ್ನು ನಿಧಾನವಾಗಿ ತಿಂದಳು.

"ಚೆನ್ನಾಗಿ ಬೆಂದಿದೆ" ಎಂದಳು, ನಿಜವಾಗಿಯೇ. ಆಮೇಲೆ ಟಿಕೆಟು ಓದಿದಳು. "ಕೊರೊಯಿಕೊ?"

ಮಸನೊರಿ ಎಲ್ಲ ಹೇಳಿದ. ಜೋಗುಳದ ತನಕ ಅವಳು ತಡೆದುಕೊಂಡಳು. 'ಢಬ್' ಬಂದಾಗ ಕುರ್ಚಿಯಿಂದ ಜಾರಿ ನೆಲದ ಮೇಲೆ ಕೂತು ಕಣ್ಣೀರು ಬರುವಂತೆ ನಕ್ಕಳು. ನಕ್ಕು ಮುಗಿದ ಮೇಲೆ ಎದ್ದು ಅವನನ್ನು ಅಡುಗೆಮನೆಗೆ ಕರೆದೊಯ್ದಳು. ಅಕ್ಕಿಯನ್ನು ನೀರು ತಿಳಿಯಾಗುವ ತನಕ ತೊಳೆದು ತೋರಿಸಿದಳು. ಎರಡು ಗಂಟೆ ನೆನೆಯಬೇಕು, ಕುಕ್ಕರಿನಲ್ಲಿ ಹನ್ನೊಂದೇ ನಿಮಿಷ, ಆಮೇಲೆ ಕುಕ್ಕರಿಗೆ ಮಿಹೊಳ ಹಳೇ ಸ್ವೆಟರು ತೊಡಿಸಿ ಕಾಲು ಗಂಟೆ ಮಲಗಿಸಬೇಕು.

"ಇದನ್ನ ಕಂಡುಹಿಡಿಯೋಕೆ ನಂಗೆ ಎಂಟು ತಿಂಗಳು ಹಿಡೀತು" ಎಂದಳು. "ಯಾವತ್ತಾದ್ರೂ ಒಂದಿನ ಇಲ್ಲಿ ಬಂದು ನಿಂತಿದ್ರೆ ಹೇಳ್ತಿದ್ದೆ."

ಆವತ್ತು ಅವನು ಮೂರು ಬಟ್ಟಲು ಅನ್ನ ಉಂಡ, ಬಾಯಿಬಿಡದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಕರೆ ಬಂತು. ಪರದೆಯ ಮೇಲೆ ಅಮ್ಮ. ಹಿಂದೆ ಮೂಲೆಯಲ್ಲಿ, ಎಂದಿನಂತೆ, ಅಪ್ಪನ ಬದಲು ಅಪ್ಪನ ಪತ್ರಿಕೆ. ಅಪ್ಪ ನಿವೃತ್ತ ಹೆಡ್‌ಮಾಸ್ಟರು, ಮೂವತ್ತು ವರ್ಷ ಇಡೀ ಊರನ್ನು ನಡುಗಿಸಿದವರು. ಮಸನೊರಿ ಗಂಟಲು ಸರಿಮಾಡಿಕೊಂಡು, ಫುಸಾಕೊ ಮಾಡುವ ಅನ್ನವೇ ಚೆನ್ನ ಎಂದೂ, ಅಮ್ಮನ ಅನ್ನದ ಜೊತೆ ಹೋಲಿಸಿದ್ದು ತನ್ನ ತಪ್ಪೆಂದೂ ಒಂದೇ ಉಸಿರಿಗೆ ಒಪ್ಪಿಸಿದ.

ಅಮ್ಮ ಮುಖವನ್ನು ಪರದೆಗೆ ಹತ್ತಿರ ತಂದರು. "ಯಾವ ಅನ್ನವೋ? ನಾನು ನಾಲ್ಕು ಗಂಟೆಗೆದ್ದು ಮೀನು ಹರಾಜಿನ ಕೆಲಸಕ್ಕೆ ಓಡ್ತಿದ್ದೆ. ಬಡಿಸ್ತಿದ್ದವಳು ನಾನು. ಮಾಡ್ತಿದ್ದೋರು ನಿಮ್ಮಪ್ಪ."

ಹಿಂದಿನ ಪತ್ರಿಕೆ ನಾಲ್ಕು ಅಂಗುಲ ಮೇಲೇರಿತು.

"ಹೆಡ್‌ಮಾಸ್ಟರು ಸೌಟು ಹಿಡೀತಾರೆ ಅಂತ ಗೊತ್ತಾದ್ರೆ ಹುಡುಗರು ಹೆದರಲ್ಲ ಅಂತ ಯಾರಿಗೂ ಹೇಳ್ಬೇಡ ಅಂದಿದ್ರು. ನಿಂಗೂ ಗೊತ್ತಿರ್ಲಿಲ್ವಾ? ಅಯ್ಯೋ, ಹಾಗಾದ್ರೆ ಅಲ್ಲಿ ಅಡುಗೆ ಮಾಡ್ತಿರೋದು ಫುಸಾಕೊನಾ? ನಮ್ಮ ಮನೇಲಿ ಅನ್ನ ಗಂಡಸರದ್ದಲ್ವಾ, ನೀನೇ ಮಾಡ್ತಿದ್ದೀಯ ಅಂದ್ಕೊಂಡಿದ್ದೆ. ನಿನ್ನ ಕೈಅಡುಗೆ ತಿಂದು ಎಲ್ಲಾರೂ ಸೊರಗ್ತಿದ್ದೀರ ಅಂತ ವಾರವಾರ ಹೊಟ್ಟೆ ಉರ್ಕೊಳ್ತಿದ್ದೆ."

ಪತ್ರಿಕೆ ಕೆಳಗಿಳಿಯಿತು. ಅದರ ಹಿಂದಿನಿಂದ, ಏಳನೇ ಕ್ಲಾಸಿನಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ಆ ಹಳೆಯ ಕಣ್ಣುಗಳು ಮಸನೊರಿಯನ್ನು ನೋಡಿದವು. ಅವನು ತನಗೇ ಅರಿವಿಲ್ಲದೆ ಎದ್ದು ನಿಂತ.

"ಅಕ್ಕಿ ಎಷ್ಟು ಹೊತ್ತು ನೆನೆಸ್ತೀಯ?"

"ಎರಡು ಗಂಟೆ, ಅಪ್ಪಾ."

"ತೊಳೆದ ನೀರು?"

"ಚೆಲ್ತೀನಿ."

"ಫೇಲ್" ಎಂದರು ಅಪ್ಪ. "ಅದರಲ್ಲಿ ಮೂಲಂಗಿ ಬೇಯಿಸ್ಬೇಕು. ಮಾರ್ಚಿಗೆ ನಾನೂ ನಿಮ್ಮಮ್ಮನೂ ಬರ್ತೀವಿ. ಮೂರು ತಿಂಗಳು ಇರ್ತೀವಿ. ದಿನಾ ಬೆಳಿಗ್ಗೆ ಆರಕ್ಕೆ ನೀನು ಮಾಡಬೇಕು, ನಾನು ತಿಂದು ನಂಬರು ಕೊಡ್ತೀನಿ."

ಮದುವೆಯಾದಂದಿನಿಂದ ಮಾವನ ಎದುರು ಎರಡು ಮಾತಿಗಿಂತ ಹೆಚ್ಚು ಆಡದ ಫುಸಾಕೊ ಗಂಡನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಪರದೆಯ ಮುಂದೆ ಬಂದು, ತಲೆ ಬಾಗಿಸಿ ನಮಸ್ಕರಿಸಿದಳು.

"ಅಷ್ಟು ದೂರದಿಂದ ಬರ್ತೀರ, ಮಾವ. ಆರು ತಿಂಗಳಾದ್ರೂ ಇದ್ದು ಹೋಗಿ."